ಓದಿ ಹೇಳಿ ಕೇಳಲಾಗಿ

ಹೆಸರು ಚೂಡಾಮಣಿ, ವಯಸ್ಸು ಐವತ್ತಾರು,
ಕಸುಬು ಬೆರಳಚ್ಚು, ಸಿಟಿ ಸಿವಿಲ್ ಕೋರ್ಟು, ಮೂರನೇ ಮಹಡಿ.
ಈ ತಿಂಗಳು ಓದಿದ್ದು ನಾಲ್ಕು. ಮೂರರಲ್ಲಿ ಕೊಲೆ.
ನಾಲ್ಕನೆಯದರಲ್ಲಿ ಇಲ್ಲ ಅಂತಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲನೆಯದು, ರಟ್ಟಿನ ಮೇಲೆ ಕೆಂಪು ಕೈಗವಸು.
ಪತ್ತೇದಾರ ಜಮಖಾನದ ನೂಲೊಂದನ್ನು ಬೆಳಕಿಗೆ ಹಿಡಿದು
ಕೊಂದವನ ಹೆಸರು, ಊರು, ಎಡಚನೆಂಬುದು ಎಲ್ಲ ಹೇಳುತ್ತಾನೆ.
ಮೂವತ್ತೊಂದು ವರ್ಷ ಸಾಕ್ಷಿಗಳ ಮಾತು ಟೈಪು ಮಾಡಿದವಳು ನಾನು.
ನೂಲನ್ನು ಲಕೋಟೆಗೆ ಹಾಕಲು ಮರೆತ ಪೇದೆ ಎಲ್ಲಿ ಈ ಪುಸ್ತಕದಲ್ಲಿ?
ಏನೂ ನೋಡದೆ ಪಂಚನಾಮೆಗೆ ಸಹಿ ಹಾಕಿದ ಬೀಡಾ ಅಂಗಡಿಯವನೆಲ್ಲಿ?
ಪುಸ್ತಕ ಚೆನ್ನಾಗಿಲ್ಲ ಎಂದರೆ ಸರಿಯಲ್ಲ.
ಓದುತ್ತಾ ಬಸ್ಸಿನಲ್ಲಿ ಎರಡು ಸ್ಟಾಪು ಮುಂದೆ ಹೋಗಿ
ನಡೆದು ವಾಪಸು ಬಂದೆ ಎಂದರೆ ಸರಿ.

ಎರಡನೆಯದನ್ನು ಬರೆದವರಿಗೆ ಹೆಣಗಳೆಂದರೆ ಪ್ರೀತಿ.
ಅಧ್ಯಾಯಕ್ಕೊಂದು ಹುಡುಗಿ, ಹುಡುಗಿಗೆ ಮೂರು ಸಾಲು,
ಮೂರರಲ್ಲಿ ಎರಡು ಅವಳ ಕೂದಲಿಗೆ.
ಸತ್ತವರ ತಾಯಂದಿರು ಕಟಕಟೆಗೆ ಬಂದಾಗ
ನೀರು ಕೇಳುತ್ತಾರೆ, ಕುಡಿಯುವುದಿಲ್ಲ,
ಲೋಟ ಹಿಡಿದೇ ನಿಂತಿರುತ್ತಾರೆ.
ಅದನ್ನು ನಾನು ಟೈಪು ಮಾಡುವ ಹಾಗಿಲ್ಲ.
ಬರೆಯಬಹುದಾಗಿದ್ದವರು ಬರೆಯಲಿಲ್ಲ.
ಎಪ್ಪತ್ತನೇ ಪುಟಕ್ಕೆ ಮುಚ್ಚಿಟ್ಟೆ.

ಮೂರನೆಯದು ಹಳೇದು, ಬೆನ್ನು ಕಿತ್ತದ್ದು,
ಹನುಮಂತನಗರದ ಜಬೀವುಲ್ಲಾ ಸಾಹೇಬರ ಬಾಡಿಗೆ ಪುಸ್ತಕ,
ದಿನಕ್ಕೆ ಎರಡು ರೂಪಾಯಿ, ಭಾನುವಾರ ಲೆಕ್ಕಕ್ಕಿಲ್ಲ.
ಹದಿನೇಳನೇ ಪುಟದ ಅಂಚಲ್ಲಿ ಯಾರೋ ಪೆನ್ಸಿಲಿನಲ್ಲಿ:
'ಅಡುಗೆಯವನೇ ಕೊಂದದ್ದು.'
ಸಿಟ್ಟಿಗೆ ಕೈ ನಡುಗಿತು. ಇಂಥವರಿಗೆ ಯಾವ ಕಲಮು ಹಾಕಬೇಕು?
ಆದರೂ ಓದಿದೆ, ಅಡುಗೆಯವನ ಮೇಲೇ ಕಣ್ಣಿಟ್ಟು.
ಪಾಪ, ಈರುಳ್ಳಿ ಹೆಚ್ಚಿದರೂ ಅನುಮಾನ, ಹೆಚ್ಚದಿದ್ದರೂ ಅನುಮಾನ.
ಕೊನೆಗೆ ನೋಡಿದರೆ ಕೊಂದದ್ದು ಡಾಕ್ಟರು.
ಸುಳ್ಳು ಸಾಕ್ಷಿ! ಅಷ್ಟು ನಕ್ಕದ್ದು ಇತ್ತೀಚೆಗೆ ನೆನಪಿಲ್ಲ.
ಯಾರೋ ಗೀಚಿದ ಎರಡು ಪದಕ್ಕೆ
ಒಬ್ಬ ಮನುಷ್ಯ ಇನ್ನೂರು ಪುಟ ಆರೋಪಿ.
ನಮ್ಮಲ್ಲಿ ಪುಟಗಳಲ್ಲ, ವರ್ಷಗಳು.

ಇದನ್ನು ಮೊದಲು ಒಯ್ದವರು ಯಾರು ಸಾಹೇಬರೇ ಅಂದರೆ
ರಿಜಿಸ್ಟರು ಗೆದ್ದಲು ತಿಂದಿದೆ ಅಂದರು, ಮುಖ ತಿರುಗಿಸಿ.
ಕಿವಿಯ ಮೇಲೊಂದು ಮೋಟು ಪೆನ್ಸಿಲು.
ನಾನು ಪತ್ತೇದಾರಳಲ್ಲ. ಸುಮ್ಮನಿದ್ದೆ.

ನಾಲ್ಕನೆಯದೂ ಅಲ್ಲಿಯದೇ. ಬಹುಮಾನ ಬಂದಿದೆಯಂತೆ.
ನಿದ್ದೆ ಬರದಿದ್ದರೆ ಓದು ಅಂದಿದ್ದರು ನಮ್ಮ ಶಿರಸ್ತೇದಾರರು.
ಅಣ್ಣ, ತಮ್ಮ, ಒಂದೇ ಮನೆ, ಹನ್ನೊಂದು ವರ್ಷದಿಂದ ಮಾತಿಲ್ಲ.
ಒಂದು ಮೋಡಕ್ಕೆ ಒಂದೂವರೆ ಪುಟ;
ಜಡ್ಜು ಸಾಹೇಬರಾಗಿದ್ದರೆ ವಿಷಯಕ್ಕೆ ಬನ್ನಿ ಅನ್ನುತ್ತಿದ್ದರು.
ಆಮೇಲೆ, ಇನ್ನೂರ ಹನ್ನೆರಡರಲ್ಲಿ,
ಒಲೆಯ ಮೇಲೆ ಹಾಲು ಉಕ್ಕುತ್ತದೆ.
ಇಬ್ಬರೂ ಮನೆಯಲ್ಲೇ ಇದ್ದಾರೆ. ಇಬ್ಬರಿಗೂ ಸೀದ ವಾಸನೆ ಬರುತ್ತದೆ.
ಯಾರೂ ಏಳುವುದಿಲ್ಲ.

ಆ ಸಾಲಿನ ಕೆಳಗೆ ಅದೇ ಪೆನ್ಸಿಲು. ಒಂದೇ ಗೆರೆ, ಮಾತಿಲ್ಲ.
ಒತ್ತಿದ ರಭಸಕ್ಕೆ ಕಾಗದ ಒಂಚೂರು ಹರಿದಿತ್ತು.

ಸಾಹೇಬರ ಪಕ್ಕದ ಮಳಿಗೆ ಅವರ ತಮ್ಮನದು, ಛತ್ರಿ ರಿಪೇರಿ.
ನಡುವೆ ಹಲಗೆಯ ಗೋಡೆ, ಮೊಳೆಯ ಮೊನೆಗಳೆಲ್ಲ ಈ ಕಡೆಗೆ.
ಇಷ್ಟು ವರ್ಷ ಹೋಗಿಬಂದಿದ್ದೇನೆ,
ಅವರಿಬ್ಬರು ಮಾತಾಡಿದ್ದು ನಾನು ಕೇಳಿಲ್ಲ.
ಇಷ್ಟೇ ನನ್ನ ಖುದ್ದು ತಿಳಿವಳಿಕೆ. ಮಿಕ್ಕದ್ದು ಗೊತ್ತಿಲ್ಲ.

ಬೇರೆಯವರ ಮಾತಿಗೆ ಒಂದಕ್ಷರ ಸೇರಿಸಿದವಳಲ್ಲ ನಾನು.
ಆ ರಾತ್ರಿ ಪೆನ್ಸಿಲು ಚೂಪು ಮಾಡಿ ಗೆರೆಯ ಕೆಳಗೆ,
ಸಹಿ ಬೀಳುವ ಜಾಗದಲ್ಲಿ, ಸಣ್ಣಗೆ ಬರೆದೆ:
ಓದಿ ಹೇಳಿ ಕೇಳಲಾಗಿ ಸರಿ ಇದೆ.

ಸೋಮವಾರ ಪುಸ್ತಕ ಹಿಂದಿರುಗಿಸಿದಾಗ
ಹೇಗಿತ್ತಮ್ಮಾ ಅಂದರು.
ಮೋಡ ಜಾಸ್ತಿ ಅಂದೆ.
ಎಂಟು ರೂಪಾಯಿ ಎಣಿಸಿ ಎರಡು ವಾಪಸು ಕೊಟ್ಟರು.
ಹಲಗೆಯಾಚೆ ಯಾರೋ ಛತ್ರಿಯೊಂದನ್ನು
ಬಿಚ್ಚಿ, ಮಡಚಿ, ಮತ್ತೆ ಬಿಚ್ಚುತ್ತಿದ್ದರು.